ಆರು ಮಿಲಿಮೀಟರ್

ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಗುರು ಸ್ಥಾಣುಲಿಂಗಯ್ಯನವರು ಆರು ಮಿಲಿಮೀಟರ್ ಸರಿದಿರುವುದು ಖಚಿತವಾಯಿತು.

ಪ್ರಾಣಹಾನಿ ಆಗಲಿಲ್ಲ. ಶಿಷ್ಯ ಕೊಟ್ರಯ್ಯನಿಗೆ ಮಾತ್ರ ಕುಡಿಯಲು ನೀರು ಕೊಡಬೇಕಾಯಿತು.

ಸುದ್ದಿಯ ತೂಕ ತಿಳಿಯಬೇಕಾದರೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ತುಂಗಭದ್ರೆಯ ದಂಡೆಯಲ್ಲಿ ಒಂದು ಬಂಡೆ ಇದೆ. ನಲವತ್ತು ವರ್ಷದಿಂದ ಗುರುಗಳು ದಿನಾ ಬೆಳಗ್ಗೆ ಅದರ ಮೇಲೆ ಕೂರುತ್ತಾರೆ. ಬಿಸಿಲು ಏರುವವರೆಗೆ ಅಲುಗುವುದಿಲ್ಲ. ಒಮ್ಮೆ ಒಂದು ಕಾಗೆ ಅವರ ತಲೆಯ ಮೇಲೆ ಕೂತು, ಬಹಳ ಹೊತ್ತು ಕಾದು, ಬೇಸರವಾಗಿ ಎದ್ದು ಹೋಯಿತಂತೆ.

ಜನ ಅವರನ್ನು ತಾತ ಎನ್ನುತ್ತಾರೆ. ಬಾಗಿಲಿಗೆ ಕೊಟ್ರಯ್ಯ ತನ್ನ ಕೈಯಾರೆ ಬರೆದ ಬೋರ್ಡು ಇದೆ: ‘ಅಲುಗದ ತಾತನ ಆಶ್ರಮ’.

ಈ ವರ್ಷ ತಾತನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಾಣಿಸಿತು. ಬೇಗ ಗೊತ್ತಾಗಿದೆ, ಇಪ್ಪತ್ತು ದಿನ ವಿಕಿರಣ ಕೊಟ್ಟರೆ ಇಳಿಯುತ್ತದೆ ಎಂದರು ಪಟ್ಟಣದ ಡಾಕ್ಟರು. ಊರಿನವರು ಅದನ್ನು ಕರೆಂಟ್ ಕೊಡುವುದು ಎನ್ನುತ್ತಾರೆ.

ಮೊದಲು ಗ್ರಂಥಿಯೊಳಗೆ ಮೂರು ಚಿನ್ನದ ಕಾಳು ಇಟ್ಟರು, ಅಕ್ಕಿ ನುಚ್ಚಿನಷ್ಟು. ಎಕ್ಸ್‌ರೇಯಲ್ಲಿ ಗ್ರಂಥಿ ಕಾಣುವುದಿಲ್ಲ, ಚಿನ್ನ ಕಾಣುತ್ತದೆ. ಚಿನ್ನ ಎಲ್ಲಿದೆಯೋ ಗ್ರಂಥಿ ಅಲ್ಲಿದೆ ಎಂದು ಲೆಕ್ಕ.

“ತಾತಾ, ನೀವು ಚಿನ್ನ ಮುಟ್ಟುವವರಲ್ಲ,” ಎಂದ ಕೊಟ್ರಯ್ಯ ಕಂಗಾಲಾಗಿ.

“ನಾನು ಮುಟ್ಟಿಲ್ಲ. ಅವರು ಇಟ್ಟರು.”

ಯಂತ್ರ ನಡೆಸುವವಳು ರುಕ್ಸಾನಾ. ಅವಳದು ಒಂದೇ ಪದ್ಧತಿ. ತಾತ ಅರ್ಧ ಲೀಟರ್ ನೀರು ಕುಡಿದು, ಮೂತ್ರ ತಡೆದುಕೊಂಡು, ಮಂಚದ ಮೇಲೆ ಮಲಗಬೇಕು. ಅವಳು ಒಂದು ಫೋಟೋ ತೆಗೆದು ನೋಡಬೇಕು. ಆಮೇಲೆ ಕರೆಂಟ್.

ನಾಲ್ಕನೇ ದಿನ ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ. ತಾತ ಒಳಗೆ ಮಲಗಿದ್ದಾಗ ಅವಳ ಮೇಜಿನ ಬಳಿ ಹೋಗಿ ನಿಂತ.

“ದಿನಾ ಫೋಟೋ ಯಾಕ್ರೀ ಮೇಡಂ? ಮೊದಲನೇ ದಿನವೇ ತೆಗೆದಿದ್ದೀರಲ್ಲ.”

“ಹೊಟ್ಟೆ ಒಳಗಿಂದು ದಿನಾ ಒಂದೇ ಜಾಗದಾಗೆ ಇರಲ್ಲ ಅಣ್ಣಾ. ನೋಡಿ, ಗುರಿ ಹೊಂದಿಸಿ, ಆಮೇಲೆ ಕೊಡ್ತೀವಿ.”

“ಬೇರೆಯವರದು ಇರಲಿಕ್ಕಿಲ್ಲ. ಒಳಗೆ ಮಲಗಿರೋದು ಯಾರು ಗೊತ್ತಾ? ಅಲುಗದ ತಾತ.”

“ಹೌದಾ? ಇರ್ರಿ, ನೋಡೇಬಿಡ್ತೀನಿ.”

ನೋಡಿದಳು. ಪರದೆಯ ಮೇಲೆ ಮೂರು ಸಣ್ಣ ವೃತ್ತಗಳಿದ್ದವು. ಚಿನ್ನ ಇರಬೇಕಾದ ಜಾಗ ಅದು. ಮೂರು ಕಾಳೂ ವೃತ್ತದ ಹೊರಗಿದ್ದವು.

“ಆರು ಮಿಲಿಮೀಟರ್ ಮುಂದಕ್ಕೆ ಬಂದಾರೆ ನಿಮ್ಮ ತಾತ.”

“ನಿಮ್ಮ ಯಂತ್ರ ಸರಿದಿರಬೇಕು.”

“ಯಂತ್ರಕ್ಕೆ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದಾರೆ ಅಣ್ಣಾ. ನಿಮ್ಮ ತಾತಂಗೆ ಹಾಕಿಲ್ಲ.”

ಕೊಟ್ರಯ್ಯ ಅವಳು ಕೊಟ್ಟ ನೀರು ಕುಡಿದ.

“ಹೀಗೇ ಕೊಟ್ಟುಬಿಟ್ಟರೆ?”

“ರೋಗ ಅರ್ಧ ಉಳೀತದೆ. ಪಕ್ಕದ ಕರುಳು ಸುಡ್ತದೆ.” ಅವಳು ಪರದೆಯತ್ತ ಬಗ್ಗಿದಳು. “ಕರುಳಾಗೆ ಗಾಳಿ ತುಂಬೈತೆ, ಅದು ಗ್ರಂಥೀನ ಮುಂದಕ್ಕೆ ನೂಕೈತೆ. ನಿನ್ನೆ ಸಂಜೆ ಏನು ಬಡಿಸಿದ್ರಿ?”

ಕೊಟ್ರಯ್ಯ ಕಿಟಕಿಯ ಕಡೆ ನೋಡಿದ. ಆ ಕೋಣೆಗೆ ಕಿಟಕಿ ಇರಲಿಲ್ಲ.

ಒಳಗಿನ ಮೈಕಿನಿಂದ ತಾತನ ದನಿ ಬಂತು: “ಅಲಸಂದಿ ಗುಗ್ಗರಿ. ಮೂರು ಸಲ ಬಡಿಸಿದ. ಶಕ್ತಿ ಬರಲಿ ಅಂತ.”

ರುಕ್ಸಾನಾ ಮೈಕಿಗೆ ಹೇಳಿದಳು: “ತಾತಾ, ಎದ್ದು ಹೋಗಿ ಆ ಗಾಳಿ ಬಿಟ್ಟು ಬರ್ರಿ. ಆಮೇಲೆ ಇನ್ನೊಂದು ಸಲ ನೀರು ಕುಡೀರಿ.”

ನಲವತ್ತು ವರ್ಷದಲ್ಲಿ ತಾತನಿಗೆ ಉಪದೇಶ ಕೊಟ್ಟವರಲ್ಲಿ ಅವಳೇ ಮೊದಲಿಗಳು. ತಾತ ಅಕ್ಷರಶಃ ಪಾಲಿಸಿದರು.

ಒಂದು ಗಂಟೆಯ ಮೇಲೆ ಮತ್ತೆ ಫೋಟೋ. ಎರಡು ಮಿಲಿಮೀಟರ್. ಅವಳು ಮಂಚವನ್ನು ಅಷ್ಟೇ ಸರಿಸಿ ಕರೆಂಟ್ ಕೊಟ್ಟಳು. ಆಮೇಲೆ ಬರೆಯತೊಡಗಿದಳು.

“ಆ ಆರನ್ನು ಬರೀಬೇಡ್ರಿ,” ಎಂದ ಕೊಟ್ರಯ್ಯ ಮೆಲ್ಲಗೆ.

“ಬರೀದಿದ್ರೆ, ನಾಳೆ ನಾನು ರಜಾ ಹಾಕಿದ್ರೆ, ಇಲ್ಲಿ ಕೂರೋರಿಗೆ ಹೆಂಗೆ ಗೊತ್ತಾಗಬೇಕು?”

ಬರೆದಳು.

ಹೊರಗೆ ಬೆಂಚಿನ ಮೇಲೆ ಕೂತಿದ್ದವರ ಕಿವಿ ಚೆನ್ನಾಗಿದ್ದವು. ಸಂಜೆ ನದಿ ದಾಟುವಾಗ ಹರಿಗೋಲಿನ ಹನುಮಂತ ಬಹಳ ವಿನಯದಿಂದ ಕೇಳಿದ: “ತಾತ ಸರಿದರಂತಲ್ಲ ಕೊಟ್ರಯ್ಯ, ಯಾವ ದಿಕ್ಕಿಗೆ?”

ಆಶ್ರಮ ಮುಟ್ಟಿದ ಮೇಲೆ ಕೊಟ್ರಯ್ಯ ಒಲೆಯ ಮುಂದೆ ಕೂತು ನಿರ್ಧಾರ ಹೇಳಿದ.

“ತಾತಾ, ನಾಳೆಯಿಂದ ಫೋಟೋ ಬೇಡ ಅನ್ನೋಣ. ಸುಮ್ಮನೆ ಕರೆಂಟ್ ಕೊಡಲಿ. ಒಪ್ಪದಿದ್ದರೆ ಆಸ್ಪತ್ರೆಯೇ ಬೇಡ.”

“ಇನ್ನೂ ಹದಿನಾರು ದಿನ ಇದೆ.”

“ನಲವತ್ತು ವರ್ಷದ ಹೆಸರು ತಾತಾ. ಹರಿಗೋಲಿನವನು ದಿಕ್ಕು ಕೇಳುತ್ತಾನೆ.”

“ಹಾಲು ಕಾಯಿತಾ?”

“ಕಾಯಿತು.”

ತಾತ ಹಿತ್ತಾಳೆ ಲೋಟ ತೆಗೆದುಕೊಂಡು ಅಂಗೈ ಮೇಲೆ ಇಟ್ಟು, ಕೈ ಮುಂದೆ ಚಾಚಿದರು.

“ಲೋಟ ಎಲ್ಲಿದೆ, ನೋಡಿದೆಯಾ?”

“ನೋಡಿದೆ.”

“ನಾನು ಅಲುಗುತ್ತೇನಾ?”

“ಸಾಧ್ಯವೇ ಇಲ್ಲ ತಾತಾ.”

“ಹಾಗಾದರೆ ಕಣ್ಣು ಮುಚ್ಚಿ ಸುರಿ.”

ಕೊಟ್ರಯ್ಯ ಪಾತ್ರೆ ಎತ್ತಿದ. ಕಣ್ಣು ಮುಚ್ಚಿದ. ಪಾತ್ರೆ ಸ್ವಲ್ಪ ಬಾಗಿಸಿದ. ನಿಲ್ಲಿಸಿದ. ಮತ್ತೆ ಬಾಗಿಸಿದ. ಕೊನೆಗೆ ಒಂದು ಕಣ್ಣು ಬಿಟ್ಟ.

ಲೋಟ ಇದ್ದಲ್ಲೇ ಇತ್ತು.

“ಯಾಕೆ ಕಣ್ಣು ಬಿಟ್ಟೆ?”

“ಕುದಿಯುವ ಹಾಲು ತಾತಾ. ನಿಮ್ಮ ಕೈ...”

“ಅಲುಗಲಿಲ್ಲವಲ್ಲ.”

“ಆದರೂ ನೋಡದೆ ಹೇಗೆ ಸುರಿಯಲಿ?”

“ಆ ಹುಡುಗಿಯ ಕೈಯಲ್ಲಿ ಇರುವುದು ಇದಕ್ಕಿಂತ ಬಿಸಿ.”

ಕೊಟ್ರಯ್ಯ ಇನ್ನೊಂದು ಕಣ್ಣೂ ಬಿಟ್ಟ. ಒಂದು ಹನಿ ಚೆಲ್ಲದಂತೆ ಹಾಲು ಸುರಿದ.

ಮರುದಿನದಿಂದ ಆಶ್ರಮದಲ್ಲಿ ಗುಗ್ಗರಿ ನಿಂತಿತು; ಬರೀ ಅನ್ನ, ತಿಳಿಸಾರು. ಆಸ್ಪತ್ರೆಯಲ್ಲಿ ಕೊಟ್ರಯ್ಯನೇ ಮೊದಲು ಕೇಳತೊಡಗಿದ.

“ಫೋಟೋ ಆಯಿತೇನ್ರೀ? ಇವತ್ತು ಎಷ್ಟು?”

“ಮೂರು.”

ಇನ್ನೊಂದು ದಿನ ಒಂದು. ಮತ್ತೊಂದು ದಿನ ಎರಡು. ಅವಳು ಹಿಂದಿನದನ್ನೂ ತೋರಿಸಿದಳು: ಮೊದಲನೇ ದಿನವೇ ಎರಡು, ಎರಡನೇ ದಿನ ಮೂರು.

“ಆಗಲೇ ಯಾಕೆ ಹೇಳಲಿಲ್ಲ?”

“ಅಷ್ಟಕ್ಕೆ ಮಂಚ ಸರಿಸಿ ಕೊಡ್ತೀವಿ ಅಣ್ಣಾ. ಉಸಿರಾಡೋರು ಅಂದ್ಮೇಲೆ ಅಷ್ಟು ಸರೀತಾರೆ.”

ಕೊನೆಯ ದಿನ ಕೊಟ್ರಯ್ಯ ಅವಳಿಗೆ ಒಂದು ಬಾಳೆಗೊನೆ ತಂದುಕೊಟ್ಟ. ಗುಗ್ಗರಿಯನ್ನೂ ಕಟ್ಟಿಕೊಂಡು ಬಂದಿದ್ದ. ಅದು ಅವಳಿಗೆ ಮಾತ್ರ ಎಂದು ಎರಡು ಸಲ ಹೇಳಿದ.

“ಬೋರ್ಡು ತೆಗೆದುಬಿಡಲಾ ತಾತಾ?” ಎಂದು ದಾರಿಯಲ್ಲಿ ಕೇಳಿದ.

“ಅದು ನಿನ್ನ ಬೋರ್ಡು.”

ಕೊಟ್ರಯ್ಯ ತುಂಬ ದಿನ ಯೋಚಿಸಿದ. ಬೋರ್ಡು ಅಲ್ಲೇ ಉಳಿಯಿತು.

ಮೂರು ತಿಂಗಳ ಮೇಲೆ ತಾತನ ರಕ್ತ ಪರೀಕ್ಷೆಯಾಯಿತು. ಅದರ ಮರುದಿನ ಬೆಳಗ್ಗೆ ದೂರದಿಂದ ಬಂದ ಭಕ್ತನೊಬ್ಬ ಬೋರ್ಡನ್ನು ಎರಡು ಸಲ ಓದಿ, ಬಂಡೆಯ ಬಳಿ ಬಂದು ಕೈಮುಗಿದ.

“ತಾತಾ, ನೀವು ಕೂದಲೆಳೆಯಷ್ಟೂ ಅಲುಗುವುದಿಲ್ಲವಂತೆ. ನಿಜವೇ?”

ಕೊಟ್ರಯ್ಯ ಕೆಮ್ಮಿದ.

ತಾತ ಹೇಳಿದರು: “ಇಪ್ಪತ್ತು ದಿನ ನೋಡಿದರು. ಇಪ್ಪತ್ತೂ ದಿನ ಅಲುಗಿದ್ದೆ. ಕಾಯಿಲೆ ಇಳಿದಿದೆ.”