ಹೊಂಗೆಮರ ಬಿಟ್ಟ ಕೆಂಜಿಗಗಳು

ಹೊಂಗೆಮರದಲ್ಲಿ ಎಲೆಗಳನ್ನು ಹೆಣೆದು ಕಟ್ಟಿದ ಗೂಡಿನೊಳಗೆ ಕೆಂಜಿಗ ಇರುವೆಗಳ ರಾಜ್ಯವೊಂದಿತ್ತು. ಗೂಡು ಬಿರಿಯತೊಡಗಿದಾಗ ಮುದಿ ಮಂತ್ರಿ ಹೇಳಿತು: "ತಪ್ಪು ಗೂಡು ಹೆಣೆಸುವ ದಳಪತಿಯದು. ಬೇರೆಯವರನ್ನು ನೇಮಿಸಿದರೆ ಎಲ್ಲ ಸರಿಹೋಗುತ್ತದೆ. ಹಿಂದೆಯೂ ಹೀಗೆ ಮಾಡಿಯೇ ಉಳಿದೆವು."

ಆಗಷ್ಟೇ ಸುತ್ತಾಡಿ ಬಂದಿದ್ದ ಬೇಹಿನ ಇರುವೆ ಮೆಲ್ಲಗೆ ಹೇಳಿತು: "ಅಜ್ಜಿ, ಇದು ಒಬ್ಬರ ತಪ್ಪಲ್ಲ. ಹಳ್ಳ ಬತ್ತಿ ಬೇರು ಒಣಗಿದೆ, ಬೇರು ಒಣಗಿ ಎಲೆ ಉದುರುತ್ತಿದೆ, ಎಲೆಯಿಲ್ಲದೆ ನಮಗೆ ತಿನ್ನಲು ಹುಳುಗಳೂ ಇಲ್ಲ. ಈ ಮರವನ್ನೇ ಬಿಡಬೇಕು. ಬಾವಿ ಪಕ್ಕದ ಮರ ಇನ್ನೂ ಹಸಿರಾಗಿದೆ, ದಾರಿ ನೋಡಿಕೊಂಡು ಬಂದಿದ್ದೇನೆ."

ಮಂತ್ರಿ ಕೇಳಿತು: "ಹಾಗಾದರೆ ನಾನು ಕಲಿತದ್ದೆಲ್ಲ ವ್ಯರ್ಥವೇ, ಮಗಳೇ?"

"ಸಂಕಟ ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂಬುದಷ್ಟೇ ನನಗೆ ಗೊತ್ತು. ಎಲ್ಲರೂ ಒಮ್ಮೆಲೇ ನುಗ್ಗಿದರೆ ತುಳಿದಾಡಿಯೇ ಸಾಯುತ್ತೇವೆ. ಯಾರು ಮೊದಲು ಹೋಗಬೇಕು ಎಂಬುದು ಗೊತ್ತಿಲ್ಲ."

"ಅದು ನನಗೆ ಗೊತ್ತು," ಎಂದಿತು ಮಂತ್ರಿ. "ನಡೆಯಲಾರದ ಮರಿಗಳು ಮೊದಲು. ಆಳುವವರು ಕೊನೆಗೆ."

ಮರಿಗಳನ್ನು ಕಚ್ಚಿಕೊಂಡ ಸಾಲು ಗದ್ದಲವಿಲ್ಲದೆ ಇಳಿದು, ಬಾವಿ ಪಕ್ಕದ ಹಸಿರು ಮರವನ್ನು ಹತ್ತಿತು. ಕೊನೆಗೆ ಉಳಿದ ಮಂತ್ರಿಗೆ ಕಾಲೇ ಏಳಲಿಲ್ಲ.

ಬೇಹಿನ ಇರುವೆ ಮತ್ತೆ ಮೇಲೇರಿ ಬಂತು.

"ನೀನು ಹೋಗು. ದಾರಿ ಬಲ್ಲವಳು ನೀನೊಬ್ಬಳೇ," ಎಂದಿತು ಮಂತ್ರಿ.

"ದಾರಿ ಈಗ ಎಲ್ಲರಿಗೂ ಗೊತ್ತು, ಅಜ್ಜಿ," ಎಂದು ಅದು ಮುದುಕಿಯನ್ನು ನೋಯದ ಹಾಗೆ ಎತ್ತಿಕೊಂಡಿತು.