ತಿದಿ ಒತ್ತಿದ ಸಾಹೇಬರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರಪಂಚಮಿಯ ಮರುದಿನ, ಪಾಟಿಚೀಲ ಖಾಲಿ ಮಾಡಿ ಅದರಲ್ಲಿ ಒಲೆಗೆ ಗಾಳಿ ಊದುವ ಅಜ್ಜನ ತಿದಿ ತುರುಕಿಕೊಂಡು. ಅಂದಿನಿಂದ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತೇನೆ.

ಒಂದೂರಿನ ಸಂತೆ ಬಯಲಲ್ಲಿ ಒಲೆ ಹೂಡಿದ್ದೆ. ಪುರಸಭೆಯ ಚಂದ್ರಾಮಪ್ಪ ಸಾಹೇಬರು ಬಂದು ಗುಡುಗಿದರು.

"ಇದು ಸರ್ಕಾರದ ಜಾಗ. ಪರವಾನಗಿ ಇಲ್ಲದೆ ಇಲ್ಲಿ ಯಾರೂ ಕೆಲಸ ಮಾಡಂಗಿಲ್ಲ. ತಿದಿ ಜಪ್ತಿ ಮಾಡಸ್ತೀನಿ!"

ತಿದಿ ಹೋದರೆ ನನ್ನ ಅನ್ನವೇ ಹೋದಂತೆ.

"ಆಗಲ್ರಿ ಸಾಹೇಬ್ರ. ಇದೊಂದು ಪಾತ್ರೆ ಮುಗಿಸಿ ಹೋಗ್ತೀನಿ. ಪಾಪ, ವಯಸ್ಸಾದ ತಾಯಿದು. ಪಾತ್ರೆ ತಂದವರ ಮನೆಯವರೇ ತಿದಿ ಒತ್ತೋದು ನಮ್ಮ ಪದ್ಧತಿ. ಅವರ ಮಗ ಪುರಸಭೆಯಲ್ಲಿ ಇದಾರಂತ, ದಾರಿ ಕಾಯ್ತಾ ಕೂತೀನಿ."

ಸಾಹೇಬರು ತಿರುಗಿ ನೋಡಿದರು. ಹುಣಸೆಮರದ ನೆರಳಲ್ಲಿ ಅವರ ತಾಯಿ ನೀಲವ್ವ ಕೂತಿದ್ದರು.

"ಏನ್ ನೋಡ್ತಿ? ನಿನಗ ಸಾರು ಕುದಿಸೋ ಪಾತ್ರೀನ ಅದು. ಕೂಡು, ಒತ್ತು!"

ಸಾಹೇಬರು ಕೂತರು, ಒತ್ತಿದರು. ಕೆಂಡ ಕೆಂಪಾಯಿತು, ಪಾತ್ರೆ ಬೆಳ್ಳಗಾಯಿತು. ಅದನ್ನು ನೋಡಿದ ಹೆಂಗಸರೆಲ್ಲ ತಮ್ಮ ಪಾತ್ರೆ ಹೊತ್ತು ತಂದರು.

"ಪರವಾನಗಿ ಐತೇನಪ್ಪಾ?" ಎಂದು ಒಬ್ಬಳು ಕೇಳಿದಳು.

"ತಿದಿ ಒತ್ತೋರನ್ನ ಕೇಳ್ರಿ ಅಕ್ಕಾ" ಎಂದೆ.

ಮಸಿ ಹತ್ತಿದ ಮೀಸೆಯಡಿಯಲ್ಲಿ ಸಾಹೇಬರು ನಕ್ಕೇಬಿಟ್ಟರು. ಸಂಜೆಗೆ ಮೆಲ್ಲಗೆ ಹೇಳಿದರು, "ನಾಳೆನೂ ಇರಪ್ಪ. ಪರವಾನಗಿ ನಾನೇ ಕೊಡ್ತೀನಿ."

"ಬ್ಯಾಡ್ರಿ ಸಾಹೇಬ್ರ. ಇರಾಕ ನಿಮ್ಮನ್ನ ಕೇಳಿದ್ರ, ನಾಳೆ ಹೋಗಾಕೂ ಕೇಳಬೇಕಾಗ್ತದ."

ತಿದಿ ಮಡಚಿ ಚೀಲಕ್ಕೆ ಹಾಕಿದೆ. ಅದರ ಮೇಲೆ ನೀಲವ್ವ ರೊಟ್ಟಿಯ ಗಂಟು ಇಟ್ಟರು.