ಬೀಳೋ ಹುಲುಗನೂ ಅರಮನೆಯ ತೂತುದೋಣಿಯೂ

"ಕಂಚಿನಾಳದ ಪ್ರಜೆಗಳೇ, ಕಿವಿಗೊಟ್ಟು ಕೇಳಿ! ರಾಜಕುಮಾರಿ ಚಿನ್ನಾಜಿಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯ ಕೈ, ಜೊತೆಗೆ ಅರ್ಧ ರಾಜ್ಯ. ಸೋತವನಿಗೆ ತೂತುದೋಣಿ!"

ಕೊನೆಯ ಮಾತಿಗೆ ಬಂದಾಗ ಡಂಗುರದವನ ದನಿಯೇ ಅಡಗಿಹೋಯಿತು. ಅರಮನೆಯ ಕೊಳದ ತುಂಬ ಮೊಸಳೆಗಳು. ಸೋತವರನ್ನು ಹುಟ್ಟಿಲ್ಲದ ಸೋರುವ ದೋಣಿಯಲ್ಲಿ ಕೂರಿಸಿ, ಅವರು ತಂದ ಉಡುಗೊರೆಯನ್ನೂ ಅದಕ್ಕೇ ಹೇರಿ, ಕೊಳದ ನಡುವಿಗೆ ನೂಕಿಬಿಡುತ್ತಿದ್ದರು. ದೊರೆಯ ಮುತ್ತಜ್ಜ ಮಾಡಿಟ್ಟ ಪದ್ಧತಿ ಅದು. ಚಿನ್ನಾಜಿಗೆ ಅದು ಸುತರಾಂ ಹಿಡಿಸುತ್ತಿರಲಿಲ್ಲ, ಆದರೆ ಅವಳನ್ನು ಕೇಳಿದವರು ಯಾರು?

ಹರಿಗೋಲು ನಡೆಸುವ ದುರುಗಣ್ಣ ಮೀಸೆ ತಿರುವಿಕೊಂಡು ಅರಮನೆಗೆ ಹೊರಟ. ಹಿಂದೆಯೇ ಅವನ ತಮ್ಮ ಹುಲುಗಪ್ಪ. ಊರವರು ಈ ತಮ್ಮನನ್ನು ಕರೆಯುತ್ತಿದ್ದುದು 'ಬೀಳೋ ಹುಲುಗ' ಎಂದು. ಹುಣಸೆ ಮರದಿಂದ ಬಿದ್ದಿದ್ದ, ಪಾಚಿಯಲ್ಲಿ ಜಾರಿದ್ದ, ಹರಿಗೋಲಿನಿಂದ ದಡಕ್ಕೆ ಹಾರಲು ಹೋಗಿ ಹೊಳೆ ಪಾಲಾಗಿದ್ದ. ಅಪ್ಪ ಅಮ್ಮ ಇಲ್ಲದ ಅವನನ್ನು ಪ್ರತಿ ಸಲವೂ ಎತ್ತಿ, ಬಾಯ್ತುಂಬ ಬೈದು, ಗಾಯಕ್ಕೆ ಅರಿಸಿನ ಮೆತ್ತುತ್ತಿದ್ದವನು ಅಣ್ಣನೇ.

"ನೀನು ದೂರ ನಿಂತ್ಕೊಳ್ಳೋ. ಮೊಸಳೆ ಬಾಯಿಗೇ ಬಿದ್ದೀಯ" ಎಂದ ದುರುಗಣ್ಣ.

ಕೊಳದ ಮೇಲಿನ ಮಂಟಪದಿಂದ ಚಿನ್ನಾಜಿ ಮೊದಲ ಒಗಟು ಹೇಳಿದಳು. "ಅದಕ್ಕೆ ಕೈಯಿಲ್ಲ, ಹಗ್ಗವಿಲ್ಲ, ಆದರೂ ಎಲ್ಲರನ್ನೂ ಬಿಡದೆ ಎಳೆಯುತ್ತದೆ. ಅದರ ಮುಂದೆ ಅರಸನೂ ಒಂದೇ, ಆಳೂ ಒಂದೇ. ಏನದು?"

"ಮಹಾಪ್ರಭುಗಳ ಕೀರ್ತಿ!" ಎಂದ ಜವಳಿ ವ್ಯಾಪಾರಿಯ ಮಗ. ದೊರೆಗೆ ಖುಷಿಯಾಯಿತು, ಆದರೂ ದೋಣಿ ತಪ್ಪಲಿಲ್ಲ. ದಂಡನಾಯಕನ ಮಗ "ಸಾವು" ಎಂದ. "ಸತ್ತವನನ್ನೂ ಅದು ಎಳೆಯುತ್ತಲೇ ಇರುತ್ತದೆ. ಅದಲ್ಲ" ಎಂದಳು ಚಿನ್ನಾಜಿ. ದುರುಗಣ್ಣ "ಹೊಳೆಯ ಸುಳಿ" ಎಂದ. ಸುಳಿ ದಡದಲ್ಲಿ ನಿಂತವನನ್ನು ಎಳೆಯುವುದುಂಟೆ? ಅವನೂ ದೋಣಿ ಹತ್ತಿದ. ವ್ಯಾಪಾರಿಯ ಮಗನ ತಾಮ್ರದ ಹಂಡೆ, ದುರುಗಣ್ಣನ ತೆಂಗಿನಕಾಯಿ ಮೂಟೆ, ದಂಡನಾಯಕನ ಮಗ ತಂದಿದ್ದ ಫಿರಂಗಿ ಗುಂಡುಗಳು ಎಲ್ಲವೂ ದೋಣಿ ಸೇರಿದವು. ಹೆಣ್ಣು ಕೇಳಲು ಬರುವಾಗ ಯಾರಾದರೂ ಫಿರಂಗಿ ಗುಂಡು ತರುತ್ತಾರೆಯೇ! ಒಂದು ಗುಂಡು ಮಾತ್ರ ಕೊಳದ ಮೆಟ್ಟಿಲ ಮೇಲೇ ಉಳಿಯಿತು.

ಅಣ್ಣನ ದೋಣಿ ದೂರ ಸರಿದದ್ದು ಕಂಡು ಹುಲುಗಪ್ಪ ಗುಂಪನ್ನು ಸೀಳಿಕೊಂಡು ನುಗ್ಗಿದ. "ನಾನು ಹೇಳ್ತೀನಿ!" ಎಂದು ಮುಂದೆ ಓಡಿಬಂದವನು ಮೆಟ್ಟಿಲ ಪಾಚಿಯಲ್ಲಿ ಜಾರಿ ದಪ್ಪೆಂದು ಕುಳಿತ. ಸಭೆಯೆಲ್ಲ ಗೊಳ್ಳೆಂದಿತು.

"ದೊರೆಸಾನಿಯವರೇ, ಉತ್ತರ ಇದೇ" ಎಂದ ಸೊಂಟ ನೀವಿಕೊಳ್ಳುತ್ತ. "ಭೂಮಿಯ ಸೆಳೆತ. ಮರ ಹತ್ತಿದಾಗಲೆಲ್ಲ ನನ್ನನ್ನ ಕೆಳಗೆ ಕರೆಸಿಕೊಂಡಿದೆ." ದೊರೆಗೆ ಕಾಣಿಕೆಯೆಂದು ತಂದಿದ್ದ ನಿಂಬೆಹಣ್ಣನ್ನೂ ಮೆಟ್ಟಿಲ ಮೇಲಿದ್ದ ಗುಂಡನ್ನೂ ಎತ್ತಿ ಒಟ್ಟಿಗೆ ಕೈಬಿಟ್ಟ. ದೊಡ್ಡದು, ಚಿಕ್ಕದು ಎನ್ನದೆ ಎರಡೂ ಒಟ್ಟಿಗೇ ಕಲ್ಲು ಮುಟ್ಟಿದವು.

ಚಿನ್ನಾಜಿಯ ಕಣ್ಣು ಅರಳಿತು. "ಎರಡನೆಯದು. ಉರುಳುವ ಗಾಲಿಯನ್ನು ಅದು ತಡೆಯುತ್ತದೆಂದು ಜನ ಎಣ್ಣೆ ಹಾಕಿ ಓಡಿಸುತ್ತಾರೆ. ಆದರೆ ಅದು ಪೂರ್ತಿ ಬಿಟ್ಟುಹೋದರೆ ಯಾರೂ ಒಂದು ಹೆಜ್ಜೆ ಇಡಲಾರರು."

"ನಮ್ಮ ಮಂತ್ರಿ ಇರಬೇಕು" ಎಂದು ದೊರೆ ಗೊಣಗಿದ.

"ಅಲ್ಲ ಮಹಾಪ್ರಭು, ತಿಕ್ಕಾಟ" ಎಂದ ಹುಲುಗಪ್ಪ. "ಕಾಲಿಗೂ ನೆಲಕ್ಕೂ ನಡುವೆ ಇರೋ ಹಿಡಿತ. ಪಾಚಿ ಮೇಲೆ ಅದು ಇಲ್ಲ, ಅದಕ್ಕೇ ಈಗ ಬಿದ್ದೆ. ಅದು ಇದ್ದಾಗ ಯಾರಿಗೂ ಅದರ ನೆನಪಿರಲ್ಲ."

ಅಷ್ಟರಲ್ಲಿ ದೋಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮೊಸಳೆಗಳು ಸುತ್ತು ಹಾಕುತ್ತಿದ್ದವು. "ನೀನಾದರೂ ಮನೆಗೆ ಹೋಗೋ ಹುಲುಗಾ!" ಎಂದು ಕೂಗಿದ ದುರುಗಣ್ಣ, ಬೊಗಸೆಯಲ್ಲಿ ನೀರು ಮೊಗೆದು ಚೆಲ್ಲುತ್ತ.

ಚಿನ್ನಾಜಿ ಅವಸರದಿಂದ ಹೇಳಿದಳು. "ಮೂರನೆಯದು. ಮೆಲ್ಲಗೆ ತಳ್ಳಿದರೆ ಮೆಲ್ಲಗೆ ತಳ್ಳುತ್ತದೆ, ಜೋರಾಗಿ ತಳ್ಳಿದರೆ ಜೋರಾಗಿ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ."

ಹುಲುಗಪ್ಪನಿಗೆ ಏನೂ ಹೊಳೆಯಲಿಲ್ಲ. ಕಣ್ಣೆಲ್ಲ ಅಣ್ಣನ ಮೇಲೆ. ಹೊಳೆಗೆ ಬಿದ್ದ ದಿನ ಇದೇ ಅಣ್ಣ ಜುಟ್ಟು ಹಿಡಿದು ಎತ್ತಿದ್ದ. ಅವತ್ತು ಬಿದ್ದದ್ದಾದರೂ ಯಾಕೆ? ದಡಕ್ಕೆ ಹಾರಲೆಂದು ಹರಿಗೋಲನ್ನು ಒದ್ದಿದ್ದ, ಅದು ಹಿಂದಕ್ಕೆ ಸರಿದಿತ್ತು. ತಾನು ಮುಂದೆ, ಅದು ಹಿಂದೆ!

"ಅಣ್ಣಾ!" ಎಂದು ಅರಚಿದ. "ನಮ್ಮ ಕಡೆ ಬೆನ್ನು ಮಾಡಿ ನಿಂತ್ಕೊಳ್ಳಿ! ದೋಣೀಲಿರೋ ಸಾಮಾನೆಲ್ಲ ಆಚೆ ದಿಕ್ಕಿಗೆ ಎಸೀರಿ, ಜೋರಾಗಿ!"

ಗುಂಡು ಹಾರಿತು. ದೋಣಿ ಒಂದಿಷ್ಟು ಇತ್ತ ಸರಿಯಿತು. ಮತ್ತೊಂದು ಗುಂಡು, ತೆಂಗಿನಕಾಯಿಗಳ ಮಳೆ. ಮೊಸಳೆಗಳು ಬೆದರಿ ಮುಳುಗಿದವು. ವ್ಯಾಪಾರಿಯ ಮಗ ಹಂಡೆಯನ್ನು ತಬ್ಬಿಕೊಂಡು ಅಳುತ್ತಿದ್ದ, ದುರುಗಣ್ಣ ಕಿತ್ತುಕೊಂಡು ಎಸೆದ. ದೋಣಿ ಬಂದು ಮೆಟ್ಟಿಲಿಗೆ ತಾಗಿತು.

"ಸಾಮಾನನ್ನ ಅವರು ಅತ್ತ ತಳ್ಳಿದರು, ಅದು ಅವರನ್ನ ಅಷ್ಟೇ ಬಲವಾಗಿ ಇತ್ತ ತಳ್ಳಿತು. ಮೂರನೇದು ಆ ಮರುತಳ್ಳು, ದೊರೆಸಾನಿಯವರೇ" ಎಂದ ಹುಲುಗಪ್ಪ ಅಣ್ಣನನ್ನು ತಬ್ಬಲು ಓಡಿ, ಮತ್ತೆ ಜಾರಿ ಬಿದ್ದ.

ಅವನನ್ನು ಎತ್ತಲು ದುರುಗಣ್ಣ ಬಗ್ಗುವ ಮೊದಲೇ ಚಿನ್ನಾಜಿ ಇಳಿದುಬಂದು ಕೈಚಾಚಿದ್ದಳು.

"ಹುಷಾರು" ಎಂದ ಹುಲುಗಪ್ಪ. "ನೀವು ನನ್ನನ್ನ ಎಳೆದಷ್ಟೇ ನಾನೂ ನಿಮ್ಮನ್ನ ಎಳೀತೀನಿ."

"ಗೊತ್ತು" ಎಂದು ಅವಳು ಎಳೆದಳು. ಪಾಚಿ ತನ್ನ ಕೆಲಸ ಮಾಡಿತು. ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು.

ತೂತುದೋಣಿಯನ್ನು ಸೌದೆಯಾಗಿ ಒಡೆಯಲು ಅವಳು ಅಲ್ಲಿಂದಲೇ ಹೇಳಿಕಳಿಸಿದಳು. ಮದುವೆಯ ಪಾಯಸ ಕುದಿದದ್ದು ಅದೇ ಬೆಂಕಿಯಲ್ಲಿ.